ಕುಶಾಲನಗರದ ಟಿಕೆಟ್

"ಕುಶಾಲನಗರಕ್ಕೆ ಟಿಕೆಟ್ ತಗಂಡು ಪಿರಿಯಾಪಟ್ಟಣದಲ್ಲೇ ಇಳ್ಕಂಡ್ಯಲ್ಲ ಕಾಂತಣ್ಣ, ಯಾಕೆ?"

ಮೊನ್ನೆ ಅದೇ ಬಸ್ಸಿನಲ್ಲಿದ್ದ ಅನು ಕೇಳಿದಳು. ಪಕ್ಕದ ಮನೆಯವಳು. ಮಾತಿನ ತೊಂದರೆ ಇರುವವರಿಗೆ ಮೈಸೂರಿನಲ್ಲಿ ತರಬೇತಿ ಕೊಡುತ್ತಾಳೆ.

ಕಾಂತರಾಜು ತಲೆ ತಗ್ಗಿಸಿದ. ಅವನಿಗೆ ಉಗ್ಗು. 'ಪಿ' ಅನ್ನಲು ಹೋದರೆ ತುಟಿ ಅಂಟಿಕೊಳ್ಳುತ್ತಿತ್ತು, 'ಕು' ಸಲೀಸು. ಮೂವತ್ತು ದಾಟಿದರೂ ಹೀಗೆ ಊರಿನ ಹೆಸರನ್ನೇ ಬದಲಿಸಿಕೊಂಡು ಓಡಾಡುತ್ತಿದ್ದ.

"ಅವನ ನಾಲಗೆಗೆ ಬಜೆ ತೇದು ತೇದು ನನ್ನ ಬೆರಳೇ ಸವೆದೋಯ್ತು ಕಣವ್ವ. ಹಣೇಬರ, ಬುಡು," ಎಂದ ಅಪ್ಪ ನಿಂಗಯ್ಯ.

"ಅಂಗನ್ಬೇಡಿ ದೊಡ್ಡಪ್ಪ. ಡೈರಿ ಸೆಕ್ರೆಟರಿ ಕೆಲಸಕ್ಕೆ ಪಿರಿಯಾಪಟ್ಟಣದಲ್ಲಿ ಇಂಟರ್‌ವ್ಯೂ ಐತಂತಲ್ಲ, ಉಗಾದಿ ಕಳೆದ ಮ್ಯಾಲೆ?"

"ನಾ... ನಾನು ವೋಗಾಕಿಲ್ಲ. ಎ... ಎಲ್ಲಾರೂ ನಗ್ತಾರೆ."

"ಎಲ್ಲಾರೂ ಅಂದ್ರೆ ಎಷ್ಟು ಜನ? ಯಾವತ್ತಾದ್ರೂ ಎಣಿಸಿದ್ಯಾ?"

"ತ... ತಲೆ ಎತ್ತಿದ್ರೆ ತಾನೆ ಎಣಿಸಾದು!"

"ಅದೇ ಕಣಣ್ಣ. ನಗ್ತಾರೆ ಅನ್ನೋ ಯೋಚನೆಗೇ ಹೆದರಿಕೆ, ಆ ಹೆದರಿಕೆಗೆ ಉಗ್ಗು ಇನ್ನೂ ಜಾಸ್ತಿ. ಆ ಯೋಚನೆ ನಿಜವೋ ಸುಳ್ಳೋ ಪರೀಕ್ಷೆ ಮಾಡಾನ, ಬಾ."

ನಿಂಗಯ್ಯ ನಕ್ಕ. "ನಾಲಗೆ ತೊಡರಿದ್ರೆ ತಲೆಗೆ ಮದ್ದಾ? ಕಾಲಿಗೆ ಮುಳ್ಳು ಚುಚ್ಚಿದ್ರೆ ಟೋಪಿ ಹಾಕ್ದಂಗಾಯ್ತು!"

"ಮುಳ್ಳು ತೆಗೆದ ಮ್ಯಾಲೂ ಹೆದ್ರಿ ಕುಂಟೋರು ಇಲ್ವಾ ದೊಡ್ಡಪ್ಪ? ಆ ಹೆದರಿಕೆಗೆ ಇದು ಮದ್ದು."

ಕಾಂತರಾಜು ವಾರಕ್ಕೊಮ್ಮೆ ಮೈಸೂರಿಗೆ ಹೋದ. ಅನು ಒಂದು ನೋಟ್‌ಬುಕ್ ಕೊಟ್ಟಳು. ಪಿರಿಯಾಪಟ್ಟಣಕ್ಕೆ ಹೋಗುವಾಗ ಆ ಹೆಸರು ಹೇಳಿಯೇ ಟಿಕೆಟ್ ಕೇಳಬೇಕು. ಬಸ್ಸು ಹತ್ತುವ ಮುಂಚೆ, ಏನಾಗುತ್ತದೆ ಅನ್ನಿಸುತ್ತದೋ ಅದನ್ನು ಬರೆಯಬೇಕು. ಇಳಿದ ಮೇಲೆ, ಆದದ್ದನ್ನು. ಮೊದಲ ದಿನ ಬರೆದ: 'ಬಸ್ಸೆಲ್ಲಾ ನಗುತ್ತದೆ. ಕಂಡಕ್ಟರ್ ಬೈತಾನೆ.' ಇಳಿದು ಬರೆದ: 'ಒಬ್ಬ ನಕ್ಕ. ಕಂಡಕ್ಟರ್ ಎಷ್ಟು ಟಿಕೆಟ್ ಅಂದ.' ಇನ್ನೊಂದು ದಿನ ಮೂವರು ನಕ್ಕರು. ಅವತ್ತೂ ಕುಶಾಲನಗರ ಅನ್ನಲಿಲ್ಲ.

ಇಂಟರ್‌ವ್ಯೂ ದಿನ ನಿಂಗಯ್ಯನೂ ಜೊತೆಗೆ ಹೊರಟ. ಕಂಡಕ್ಟರ್ ಬಂದ.

"ನಾನೇ ಕೇಳ್ಲೇನ್ಲಾ?"

"ಬ್ಯಾಡ ಕಣಪ್ಪ." ಕಾಂತರಾಜು ತಲೆ ಎತ್ತಿದ. "ಪಿ... ಪಿ... ಪಿರಿಯಾಪಟ್ಟಣ. ಎರಡು."

ನಗುವವರನ್ನು ಎಣಿಸಲು ನಿಂಗಯ್ಯ ಬೆರಳು ಬಿಚ್ಚಿ ಹಿಂದೆ ತಿರುಗಿದ. ಒಂದು ಬೆರಳನ್ನೂ ಮಡಚಬೇಕಾಗಲಿಲ್ಲ. ಕಂಡಕ್ಟರ್ ಎರಡು ಟಿಕೆಟ್ ಹರಿದುಕೊಟ್ಟ.

ಇಂಟರ್‌ವ್ಯೂನಲ್ಲೂ ಕಾಂತರಾಜು ಉಗ್ಗಿದ. ಆದರೆ ಹೇಳಬೇಕಾದ್ದನ್ನೆಲ್ಲ ಹೇಳಿಯೇ ಎದ್ದ.

ನಿಮ್ಮ ಮನೆಯಲ್ಲೂ ಉಗ್ಗುವವರು ಇದ್ದಾರೆಯೇ? ವಯಸ್ಸಾಯಿತೆಂದು ಕೈಬಿಡಬೇಡಿ, ಮಾತಿನ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಅವರ ಮಾತನ್ನು ನೀವು ಮುಗಿಸಬೇಡಿ. ಸ್ವಲ್ಪ ಕಾಯಿರಿ, ಬಸ್ಸೇನೂ ತಪ್ಪುವುದಿಲ್ಲ.