ಇನ್ನೆಷ್ಟಣ್ಣನ ಗಂಟೆ

ಡ್ರೈವರು ವ್ಯಾನಿನ ಹಿಂಬಾಗಿಲು ತೆರೆದು ಸ್ಟ್ರೆಚರ್ ಎಳೆಯುವಷ್ಟರಲ್ಲಿ ಮಗಳು ಮನೆಬಾಗಿಲಿಗೆ ಅಡ್ಡ ಬಂದು ನಿಂತಳು.

“ಈಗ್ಲೇ ಬೇಡ ಚಿಕ್ಕಪ್ಪ. ಅಪ್ಪನ ಪ್ರೆಸ್ಸಿನವ್ರು ಒಬ್ರೂ ಬಂದಿಲ್ಲ.”

“ಬರೋ ಹಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ರು,” ಎಂದ ಚಿಕ್ಕಪ್ಪ. ರೈಲ್ವೆಯಲ್ಲಿ ಮೂವತ್ತೈದು ವರ್ಷ ಗಾರ್ಡ್ ಆಗಿದ್ದವನು. ಕೈಯಲ್ಲಿ ಬಾವುಟ ಇಲ್ಲದಿದ್ದರೂ ತೋಳು ತಾನಾಗಿ ಮೇಲೇಳುತ್ತಿತ್ತು. “ಮೂರು ಇಪ್ಪತ್ತೈದು. ಚಿತಾಗಾರದಲ್ಲಿ ನಮಗೆ ಕೊಟ್ಟಿರೋದು ನಾಲ್ಕು ಗಂಟೆ. ಅದು ತಪ್ಪಿದ್ರೆ ಆರು. ಆರೂ ತಪ್ಪಿದ್ರೆ ನಾಳೆ. ಅಣ್ಣನ್ನ ಹೀಗೆ ಮಲಗಿಸ್ಕೊಂಡು ಯಾರಿಗೆ ಅಂತ ಕಾಯೋದು?”

“ಮಷಿನ್ ಮಾಮನಿಗೆ.”

ಬೆಳಗ್ಗೆಯಿಂದ ಅವಳು ಕೂತಲ್ಲಿ ಕೂತಿರಲಿಲ್ಲ. ಗೇಟಿಗೆ ಹೋಗುವುದು, ರಸ್ತೆ ನೋಡುವುದು, ಒಳಗೆ ಬಂದು ಅಪ್ಪನ ಅಂಗಿಯ ಕಾಲರು ಸರಿಮಾಡುವುದು, ಮತ್ತೆ ಗೇಟು. ಆ ಅಂಗಿ ಅವಳೇ ಹೊಲಿದದ್ದು. ಒಂದು ತಿಂಗಳಿಂದ ಅಪ್ಪ ಅವಳ ಅಂಗಡಿಯ ಮೆಟ್ಟಿಲು ಹತ್ತದಿದ್ದರೂ ಅಳತೆ ಸರಿಯಾಗಿಯೇ ಇತ್ತು.

ಅಪ್ಪ ಕೊನೆಯದಾಗಿ ಹೋಗಿದ್ದು, ಪ್ರೆಸ್ಸಿನಲ್ಲಿ ಜೊತೆಗೆ ಮಷಿನ್ನು ಓಡಿಸುತ್ತಿದ್ದ ಗೆಳೆಯ ಮಷಿನ್ ಮಾಮನ ಮನೆಗೆ. ಬಿದ್ದದ್ದು ಅದೇ ಬೀದಿಯ ಬಸ್‌ಸ್ಟಾಪಿನಲ್ಲಿ. ಮಗಳನ್ನು ಮನೆಗೆ ಕರೆದವನು, ಅವಳು ಬರುವ ಹೊತ್ತಿಗೆ ಬೇಕೆಂದೇ ಎದ್ದು ಹೋಗಿದ್ದನೇ? ಇದೊಂದು ಗೊತ್ತಾಗಬೇಕಿತ್ತು ಅವಳಿಗೆ. ಗೊತ್ತಿದ್ದವನು ಮಷಿನ್ ಮಾಮ ಒಬ್ಬನೇ, ಮತ್ತು ಅವನ ಸುಳಿವೇ ಇರಲಿಲ್ಲ.

*

ಸತ್ತವನು ದಿನಪತ್ರಿಕೆಯ ಪ್ರೆಸ್ಸಿನಲ್ಲಿ ಫೋರ್‌ಮನ್ ಆಗಿದ್ದ. ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಮಷಿನ್ನು ಓಡಬೇಕು. ಹನ್ನೆರಡರವರೆಗೆ ಅಕ್ಷರ ತಿದ್ದಬಹುದು, ಪುಟ ಬಿಚ್ಚಬಹುದು, ಮಂತ್ರಿಯನ್ನೇ ತೆಗೆದು ಮೂಲೆಗೆ ಹಾಕಬಹುದು. ಆಮೇಲೆ ಏನಿದ್ದರೂ ಅಚ್ಚು. ಹಾಗಾಗಿ ಅಲ್ಲಿ ಯಾರೂ “ಗಂಟೆ ಎಷ್ಟು” ಎಂದು ಕೇಳುತ್ತಿರಲಿಲ್ಲ. “ಇನ್ನೆಷ್ಟು?” ಎಂದು ಇವನು ಕೂಗಬೇಕು, ಹನ್ನೆರಡಕ್ಕೆ ಎಷ್ಟು ಉಳಿದಿದೆಯೋ ಅದನ್ನು ಅವರು ಕೂಗಬೇಕು. ರಾತ್ರಿ ಎಂಟಾದರೆ “ನಾಲ್ಕು!” ಒಂಬತ್ತಾದರೆ “ಮೂರು!” ಕೂಗಿ ಕೂಗಿ ಅವನ ಹೆಸರೇ ಇನ್ನೆಷ್ಟಣ್ಣ ಎಂದಾಯಿತು. ಉಳಿದ ಲೋಕದವರು ಬಳಸುವ ಗಂಟೆಗೆ ಪ್ರೆಸ್ಸಿನವರು ಇಟ್ಟ ಹೆಸರು ‘ಜನರ ಗಂಟೆ’.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಇನ್ನೆಷ್ಟಣ್ಣ ಈ ಲೆಕ್ಕವನ್ನು ಮನೆಗೂ ತಂದ. ಹಾಲಿನ ಗೋಡೆ ಗಡಿಯಾರದ ಅಂಕಿಗಳ ಮೇಲೆ ಕಾಗದದ ಚೂರು ಅಂಟಿಸಿ, ಒಂದರ ಜಾಗಕ್ಕೆ ಹನ್ನೊಂದು, ಎರಡರ ಜಾಗಕ್ಕೆ ಹತ್ತು, ಹನ್ನೆರಡರ ಜಾಗಕ್ಕೆ ಸೊನ್ನೆ, ಹೀಗೆ ಕೆಂಪು ಶಾಯಿಯಲ್ಲಿ ಬರೆದ. ಆರರ ಮೇಲೆ ಮಾತ್ರ ಏನೂ ಅಂಟಿಸಲಿಲ್ಲ. ಸಂಜೆ ಆರು ಹೊಡೆದಾಗ ಹನ್ನೆರಡಕ್ಕೂ ಆರೇ ಉಳಿದಿರುತ್ತದಲ್ಲ! ಕೆಲಸಕ್ಕೆ ಹೊರಡುವ ಹೊತ್ತೂ ಅದೇ. ಚಪ್ಪಲಿ ಮೆಟ್ಟುತ್ತಾ ಮಗಳ ಕೆನ್ನೆ ಹಿಂಡಿ ದಿನವೂ ಅದೇ ಮಾತು ಹೇಳುತ್ತಿದ್ದ: “ನೋಡು, ಆರರಲ್ಲಿ ಮಾತ್ರ ನಮಗೂ ಜನಕ್ಕೂ ರಾಜಿ.”

ಮನೆಯಲ್ಲಿ ಇನ್ನೊಂದು ಕಾನೂನಿತ್ತು. ಯಾವ ಜಗಳವೂ ಹನ್ನೆರಡು ದಾಟಬಾರದು. ಅವನು ರಾತ್ರಿ ಪ್ರೆಸ್ಸಿನಿಂದಲೇ ಫೋನು ಮಾಡಿ, “ಬೆಳಗ್ಗೆ ಬೈದಿದ್ದು ತಿದ್ದಿದೀನಿ, ಮಲಕ್ಕೋ,” ಎಂದದ್ದುಂಟು.

ಪ್ರೆಸ್ಸು ಮುಚ್ಚಿ ಎಂಟು ವರ್ಷವಾಗಿತ್ತು. ಲೆಕ್ಕ ಮಾತ್ರ ನಿಲ್ಲಲಿಲ್ಲ. ಹೊತ್ತು ಹೋಗದೆ ಮಗಳ ಟೈಲರ್ ಅಂಗಡಿಯಲ್ಲಿ ಬಂದು ಕೂರುತ್ತಿದ್ದ. ಕಾಜಾ ಹಾಕಿದ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದ. ಒಂದು ತಿಂಗಳ ಹಿಂದೆ, ಮಗಳು ದಾರ ತರಲು ಹೋಗಿದ್ದಾಗ, ಇಂಟರ್‌ವ್ಯೂಗೆ ಹೊರಟಿದ್ದ ಗಿರಾಕಿಯೊಬ್ಬ ಪ್ಯಾಂಟು ಯಾವಾಗ ಸಿಗುತ್ತದೆ ಎಂದು ಕೇಳಿದ.

“ಐದಕ್ಕೆ ಬಾರಪ್ಪ,” ಎಂದ ಇನ್ನೆಷ್ಟಣ್ಣ. ಐದು ಉಳಿದಾಗ, ಅಂದರೆ ಏಳಕ್ಕೆ.

ಗಿರಾಕಿ ಜನರ ಐದಕ್ಕೆ ಬಂದ. ಪ್ಯಾಂಟಿಗೆ ಇನ್ನೂ ಒಂದೇ ಕಾಲು. ಆರೂವರೆಗೆ ಅವನ ರೈಲು. ಬೀದಿಯವರೆಲ್ಲ ಸೇರುವಂತೆ ಕೂಗಾಡಿ ಹೋದ. ಮಗಳಿಗೆ ಕೋಪ ನೆತ್ತಿಗೇರಿತು.

“ಅಪ್ಪಾ, ಪ್ರೆಸ್ ಮುಚ್ಚಿ ಎಂಟು ವರ್ಷ ಆಯ್ತು. ನಿನ್ನ ಹನ್ನೆರಡು ಗಂಟೆಗೆ ಈಗ ಯಾರೂ ಕಾಯ್ತಿಲ್ಲ! ಎಲ್ಲರ ಥರ ಗಡಿಯಾರ ನೋಡೋದು ಕಲಿ, ಇಲ್ಲಾಂದ್ರೆ ಅಂಗಡಿಗೆ ಬರ್ಬೇಡ.”

ಅವನು ಹಲ್ಲಲ್ಲಿ ದಾರ ಕಡಿದು, ಕೈಯಲ್ಲಿದ್ದ ಗುಂಡಿಯನ್ನು ಡಬ್ಬಿಗೆ ಹಾಕಿ, ಎದ್ದು ಹೋದ. ಆ ರಾತ್ರಿ ಹನ್ನೆರಡಕ್ಕೆ ಮುಂಚೆ ಫೋನು ಬರಲಿಲ್ಲ. ಅವಳೂ ಮಾಡಲಿಲ್ಲ. ಹೀಗೆ ಮೂವತ್ತು ರಾತ್ರಿ ದಾಟಿದವು.

*

ಮೂರೂ ಮುಕ್ಕಾಲಿಗೆ ಮಗಳು ತಡೆಯಲಾರದೆ ಫೋನು ಹಚ್ಚಿದಳು. ಮಷಿನ್ನಿನ ಸದ್ದಿಗೆ ಮಾಮನ ಕಿವಿ ಎಂದೋ ಕೈಕೊಟ್ಟಿತ್ತು. ಗುಟ್ಟಿನ ಮಾತು ಆಡುವ ಹಾಗೇ ಇರಲಿಲ್ಲ.

“ಮಾಮಾ! ಎಲ್ಲಿದೀರಿ?”

“ಮನೇಲಿ ಕಣಮ್ಮ! ಬೆಳಗ್ಗೆಯಿಂದ ಓಡಾಡಿ ಎಲ್ರನ್ನೂ ಸೇರ್ಸಿದೀನಿ. ಬೈಂಡರ್ರೂ ಬಂದಿದಾನೆ. ಇನ್ನೈದು ಇರೋವಾಗ ಇಲ್ಲಿಂದ ಹೊರಡ್ತೀವಿ. ನಾಲ್ಕಕ್ಕೆ ಅಂತ ನಿಮ್ಮಮ್ಮ ಹೇಳಿದಾರಲ್ಲ!”

ಮಗಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೈದು ಇರುವಾಗ ಎಂದರೆ ಏಳು ಗಂಟೆ. ಅಮ್ಮ ಹೇಳಿದ ನಾಲ್ಕನ್ನು ಅವನು ರಾತ್ರಿ ಎಂಟು ಎಂದು ತಿಳಿದಿದ್ದಾನೆ!

“ಜನರ ನಾಲ್ಕು ಮಾಮಾ! ಜನರ ನಾಲ್ಕು!”

ಅಂಗಳದಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಆ ಕಡೆ ಏನೋ ಬಿದ್ದ ಸದ್ದು, ನಾಲ್ಕೈದು ಮುದುಕರ ಗಲಾಟೆ, ಆಮೇಲೆ, “ಬಂದ್ವಿ, ತಡೀರಿ, ಬಂದ್ವಿ!”

“ನಾನು ನಾಲ್ಕು ಅಂದ್ರೆ ನಾಲ್ಕೇ ಅಂದಿದ್ದು,” ಎಂದಳು ಅಮ್ಮ, ಗಂಡನ ತಲೆಯ ಬಳಿ ಕೂತಿದ್ದವಳು. “ಒಂದು ದಿನ ಆದ್ರೂ ಆ ಲೆಕ್ಕ ನನ್ನ ಬಾಯಿಂದ ಬಂದಿದ್ಯಾ?”

“ನಮ್ಮನೆಯಿಂದ ಹೋದ ಫೋನು ಅಲ್ವಾಮ್ಮ. ಅಪ್ಪನ ಲೆಕ್ಕ ಅಂತಲೇ ತಿಳ್ಕೊಂಡಿದಾರೆ.”

“ಆ ಜನಾನೇ ಹಾಗೆ,” ಎಂದ ಚಿಕ್ಕಪ್ಪ. “ಹುಟ್ಟುಗುಣ ಸುಟ್ಟ್ರೂ...” ಎನ್ನುತ್ತಾ ನಾಲಿಗೆ ಕಚ್ಚಿಕೊಂಡ. ಮಲಗಿದ್ದ ಅಣ್ಣನ ಕಡೆ ನೋಡಿದ, ವ್ಯಾನಿನ ಕಡೆ ನೋಡಿದ, ಕೊನೆಗೆ ಚಿತಾಗಾರಕ್ಕೆ ಫೋನು ಮಾಡಿ ಆರರ ಪಾಳಿ ಕೇಳಲು ಗೇಟಿನಾಚೆ ಹೋದ.

ಮಗಳು ಗೋಡೆಯ ಗಡಿಯಾರ ನೋಡಿದಳು. ಕೆಂಪು ಅಂಕಿಗಳು ಇರಲಿಲ್ಲ. ಅಂಟಿನ ಹಳದಿ ಕಲೆಗಳಷ್ಟೇ ಇದ್ದವು.

“ಅಮ್ಮಾ, ಚೀಟಿಗಳೆಲ್ಲ ಎಲ್ಲಿ?”

“ಹೋದ ವಾರ ಸ್ಟೂಲ್ ಹತ್ತಿ ಕೆರೆದು ಹಾಕಿದ್ರು. ಯಾಕೆ ಅಂತ ಕೇಳಿದ್ದಕ್ಕೆ, ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂದ್ರು. ಅವರ ಮಾತು ಯಾವತ್ತು ಅರ್ಥ ಆಗಿದೆ ನಂಗೆ?”

*

ಅಪ್ಪನ ಫೋನು ಬಂದದ್ದು ನಿನ್ನೆ ಬೆಳಗ್ಗೆ. ಅವಳು ಬಟ್ಟೆ ಕತ್ತರಿಸುತ್ತಿದ್ದಳು.

“ಮೂರಕ್ಕೆ ಮನೆಗೆ ಬರ್ತೀಯಾ? ಕೂತು ಮಾತಾಡೋಣ.”

ಯಾವ ಮೂರು ಎಂಬ ಪ್ರಶ್ನೆ ನಾಲಿಗೆ ತುದಿಗೆ ಬಂತು. ಕೇಳಿದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ. ಅಪ್ಪನ ಮೂರು ಎಂದರೆ ಇನ್ಯಾವುದು, ರಾತ್ರಿ ಒಂಬತ್ತು. ಈ ಒಂದು ಸಲ ಅವನ ಗಂಟೆಗೇ ಹೋಗೋಣ ಎಂದುಕೊಂಡಳು.

“ಆಯ್ತಪ್ಪ, ಬರ್ತೀನಿ.”

“ಕಾಯ್ತಿರ್ತೀನಿ.”

ಅಂಗಡಿ ಬೇಗ ಮುಚ್ಚಿ, ಹೊಸ ಅಂಗಿಯನ್ನು ಇಸ್ತ್ರಿ ಮಾಡಿ, ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಬಾಗಿಲು ತಟ್ಟಿದಳು. ಅಪ್ಪ ಮನೆಯಲ್ಲಿರಲಿಲ್ಲ. ಅಮ್ಮ ಮಧ್ಯಾಹ್ನವೇ ಕಣ್ಣಿನ ಆಸ್ಪತ್ರೆಗೆ ಹೋಗಿ ಸಂಜೆ ಆರಕ್ಕೆ ಬಂದಿದ್ದಳು. ಆಗಲೇ ಮನೆಗೆ ಬೀಗ, ಕೀ ಹೂಕುಂಡದ ಕೆಳಗೆ. ಅಪ್ಪನ ಮೊಬೈಲು ಎಂದಿನ ಹಾಗೆ ಟಿವಿಯ ಪಕ್ಕದಲ್ಲಿ.

ಇನ್ನು ಮೂರು. ಇನ್ನು ಎರಡೂವರೆ. ಇನ್ನು ಎರಡು. ವರ್ಷಗಳಿಂದ ಬಿಟ್ಟಿದ್ದ ಲೆಕ್ಕ ತಾನಾಗಿ ತಲೆಯಲ್ಲಿ ಓಡತೊಡಗಿತ್ತು. ಮೊದಮೊದಲು ಹೆದರಿಕೆಯಾಯಿತು, ಆಮೇಲೆ ಸಿಟ್ಟು ಬಂತು, ಹನ್ನೊಂದಾದ ಮೇಲೆ ಎರಡೂ ಕಲಸಿಕೊಂಡವು. ಕರೆದು ಕೂರಿಸಿ ಅವಮಾನ ಮಾಡುವುದಕ್ಕೆ ಇಷ್ಟು ಸಾಕಿತ್ತೇ? ಅಂಗಿಯ ಕವರನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಅಪ್ಪನ ಜೇಬಿನಲ್ಲಿದ್ದ ಹಳೆಯ ಪ್ರೆಸ್ ಕಾರ್ಡಿನಿಂದ ವಿಳಾಸ ಹುಡುಕಿ ಆಸ್ಪತ್ರೆಯವರು ಫೋನು ಮಾಡಿದಾಗ ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಅವನು ಆಗಲೇ ಹೋಗಿಯಾಗಿತ್ತು.

*

ಐದಕ್ಕೆ ಒಂದು ಟೆಂಪೊ ಬಂದು ನಿಂತಿತು. ಐದು ಜನ ಮುದುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ಇಳಿದರು. ಎಲ್ಲರಿಗಿಂತ ಮುಂದೆ ಮಷಿನ್ ಮಾಮ, ಉದ್ದಕ್ಕೆ, ಬಾಗಿಲ ಚೌಕಟ್ಟಿಗೆ ತಲೆ ಬಾಗಿಸಿ ಒಳಗೆ ಬಂದ. ಗೆಳೆಯನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಮಗಳ ಎರಡೂ ಕೈ ಹಿಡಿದು, ತನಗೆ ಪಿಸುಮಾತು ಎನಿಸಿದ ದನಿಯಲ್ಲಿ, ಇಡೀ ಹಾಲಿಗೆ ಕೇಳುವಂತೆ ಕೇಳಿದ.

“ನಿನ್ನೆ ಸಿಕ್ಕಿದ್ನಾ ಮಗಳೇ ನಿಂಗೆ? ಮಾತಾಡ್ಕೊಂಡ್ರಾ ಇಬ್ರೂ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಮಾಮ ಗೋಡೆ ಹಿಡಿದು ಕೂತುಬಿಟ್ಟ.

“ಐದು ಗಂಟೆಗೆ ಬಂದಿದ್ದ ನಮ್ಮನೆಗೆ. ಜನರ ಐದು. ಮುಖ ಇಷ್ಟು ಸಣ್ಣದಾಗಿತ್ತು. ‘ಮೂರಕ್ಕೆ ಬಾ ಅಂದಿದ್ದೆ ಕಣೋ, ಅವಳ ಮೂರಕ್ಕೆ. ಅವಳ ಗಂಟೆ ಕಲಿತೆ ಅಂತ ತೋರಿಸೋಣ ಅಂತ ಇದ್ದೆ. ಎರಡು ಗಂಟೆ ಗೇಟಲ್ಲೇ ನಿಂತೆ. ಬರ್ಲಿಲ್ಲ’ ಅಂದ. ‘ಫೋನ್ ಮಾಡೋ’ ಅಂದೆ. ‘ಬರಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ ಏನ್ ಮಾಡ್ಲಿ?’ ಅಂದ.”

ಮಾಮ ತನ್ನ ತಲೆ ಮುಟ್ಟಿ ತೋರಿಸಿದ.

“ಈ ಮಂಡೆಗೆ ಹೊಳೆಯೋಷ್ಟರಲ್ಲಿ ಎಂಟೂ ಕಾಲು. ‘ಲೋ ದಡ್ಡ, ಅವಳು ನಿನ್ನ ಮಗಳು. ಮೂರು ಅಂದ್ರೆ ನಮ್ಮ ಮೂರು ಅಂದ್ಕೊಂಡಿರ್ತಾಳೆ. ಒಂಬತ್ತಕ್ಕೆ ಬರ್ತಾಳೆ ಕಣೋ, ಎದ್ದೋಗು!’ ಅಂದೆ. ಹಣೆ ಹಣೆ ಚಚ್ಚಿಕೊಂಡು ನಕ್ಕ ನೋಡು! ಎಷ್ಟು ವರ್ಷ ಆಗಿತ್ತೋ ಅವನು ಹಾಗೆ ನಕ್ಕು. ಚಪ್ಪಲಿ ಅದಲು ಬದಲು ಹಾಕ್ಕೊಂಡು ಓಡಿದ. ಗೇಟ್ ಹತ್ರ ನಿಂತು ‘ಇನ್ನೆಷ್ಟೋ?’ ಅಂತ ಕೂಗಿದ. ‘ಮೂರೂ ಮುಕ್ಕಾಲು!’ ಅಂದೆ. ‘ಬೇಕಾದಷ್ಟಿದೆ’ ಅಂದ.”

ನಿನ್ನೆಯಿಂದ ಕಣ್ಣು ಒದ್ದೆಯಾಗದಿದ್ದ ಮಗಳು ಆಗ ಅತ್ತಳು. ಅಳುತ್ತಾ ನಡುವೆ ನಗು ಬಂತು, ಅದು ಇನ್ನಷ್ಟು ಅಳಿಸಿತು. ಅವಳು ಬರುತ್ತಾಳೆಂದು ಅವನಿಗೆ ಗೊತ್ತಿತ್ತು.

“ಇವರು ಅವಳ ಗಂಟೆ ಹಿಡಿದ್ರು, ಅವಳು ಇವರ ಗಂಟೆ ಹಿಡಿದ್ಲು,” ಎಂದಳು ಅಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. “ದಡ್ಡರು. ಇಬ್ಬರೂ ಒಂದೇ ಅಚ್ಚು.”

ಐದೂವರೆಗೆ ಎತ್ತಿದರು. ಸ್ಟ್ರೆಚರಿನ ಮುಂಭಾಗಕ್ಕೆ ಚಿಕ್ಕಪ್ಪನ ಜೊತೆ ಮಷಿನ್ ಮಾಮ ಹೆಗಲು ಕೊಟ್ಟ. ಎತ್ತರ ಹೊಂದದೆ ಇನ್ನೆಷ್ಟಣ್ಣ ಒಂದು ಕಡೆ ವಾಲಿಕೊಂಡೇ ವ್ಯಾನು ಸೇರಿದ.

ಚಿತಾಗಾರದ ಆಫೀಸೆಂದರೆ ಒಂದು ಮೇಜು, ಒಂದು ರಿಜಿಸ್ಟರು, ಒಬ್ಬ ಗುಮಾಸ್ತ. ಹೆಸರು, ವಯಸ್ಸು, ಕಸುಬು ಬರೆದುಕೊಂಡು ಅವನು ತಲೆಯೆತ್ತಿದ.

“ಒಳಗೆ ಬಿಡೋ ಟೈಮ್ ಹಾಕ್ಬೇಕು. ನಮ್ಮ ಗಡಿಯಾರ ನಿಂತಿದೆ. ಎಷ್ಟಾಯ್ತು ನೋಡಿ?”

ಚಿಕ್ಕಪ್ಪ ಮಣಿಕಟ್ಟು ತಿರುಗಿಸಿದ. ಗುಮಾಸ್ತನ ಮಾತು ಕೇಳಿಸದ ಮಷಿನ್ ಮಾಮ ಬಾಗಿಲ ಕಡೆ ನೋಡುತ್ತಾ ನಿಂತಿದ್ದ. ಮಗಳು ಅವನ ಕಿವಿಗೆ ಬಾಯಿಟ್ಟು, ಅಪ್ಪ ಕೂಗುತ್ತಿದ್ದ ಹಾಗೆಯೇ ಕೂಗಿದಳು.

“ಇನ್ನೆಷ್ಟು?”

“ಆರು,” ಎಂದರು ಚಿಕ್ಕಪ್ಪ, ಮಷಿನ್ ಮಾಮ ಇಬ್ಬರೂ ಒಟ್ಟಿಗೇ.

ಗುಮಾಸ್ತ ಇಬ್ಬರ ಮುಖವನ್ನೂ ನೋಡಿ, ಒಂದೇ ಒಂದು ಆರು ಬರೆದ.