ಡೆಲ್ಮರನ ಕಾರ್ಬ್ಯುರೇಟರ್

ಡೆಲ್ಮರ್ ಇನ್ನು ಹೆಚ್ಚು ದಿನ ಇಲ್ಲ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಆದರೆ ಅವನ ಹೆಂಡತಿ ನೊರೀನಳ ಹೊಟ್ಟೆಗೆ ಬೆಂಕಿ ಬಿದ್ದಿದ್ದು ಗರಾಜಿನಲ್ಲಿ ನಿಂತಿದ್ದ ಕಾರಿನಿಂದ. ಎಪ್ಪತ್ತನೇ ಇಸವಿಯ ಕಿತ್ತಳೆ ಬಣ್ಣದ ಪಾಂಟಿಯಾಕ್ ಜಿಟಿಒ. ಅಮೆರಿಕದ ಓಹಾಯೋದ ಆ ಊರಲ್ಲಿ ಅದನ್ನು ನೋಡದವರಿಲ್ಲ, ಅದರ ಸದ್ದು ಕೇಳಿದವರೂ ಇಲ್ಲ. ವರ್ಷಗಟ್ಟಲೆ ಒಂದೊಂದೇ ಸಾಮಾನು ಹುಡುಕಿ ಹುಡುಕಿ ಕೂರಿಸಿದ್ದ ಮಹಾರಾಯ. ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬ್ಯುರೇಟರ್ ಒಂದು ಬಾಕಿ.

ಈ ಹಳೇ ಕಾರಿನ ಹುಚ್ಚಿನವರ ಮಡಿ ಯಾವ ಆಚಾರವಂತರಿಗೂ ಇಲ್ಲ ಬಿಡಿ. ಕಾರು ಕಾರ್ಖಾನೆಯಿಂದ ಹೊರಬಿದ್ದಿದ್ದು ಫೆಬ್ರವರಿ ಕೊನೆಗೆ. ಹಾಗಾದರೆ ಅದರ ಕಾರ್ಬ್ಯುರೇಟರ್ ಅದಕ್ಕೆ ಕೆಲವು ವಾರ ಮುಂಚೆ ತಯಾರಾಗಿರಬೇಕು, ಆ ತಾರೀಕಿನ ಅಂಕಿ ಅದರ ಮೈಮೇಲೇ ಒತ್ತಿರಬೇಕು. ಕಾರಿಗಿಂತ ಆಮೇಲೆ ಹುಟ್ಟಿದ್ದಾದರೆ ಅದು ಸುಳ್ಳು ಸಾಮಾನು. ಸದ್ಯಕ್ಕೆ ಯಾವುದಾದರೂ ಹಾಕಿ ಒಂದು ಸಲ ಸ್ಟಾರ್ಟ್ ಮಾಡಿ ನೋಡು ಎಂದು ನೊರೀನ್ ಹೇಳಿದಾಗೆಲ್ಲ ಡೆಲ್ಮರ್ ಮುಖ ಸಿಂಡರಿಸುತ್ತಿದ್ದ. ಮೊದಲ ಸದ್ದು ಸರಿಯಾದದ್ದರಿಂದಲೇ ಬರಬೇಕು ಅಂತ ಅವನ ಹಟ.

ಸರಿಯಾದದ್ದು ಇತ್ತು. ಎರಡು ಬೀದಿ ಆಚೆ, ವೆಂಡೆಲ್ ಮನೆಯಲ್ಲಿ. ಇಬ್ಬರೂ ಒಂದು ಕಾಲದ ಜೀವದ ಗೆಳೆಯರೇ. ಒಂದು ಬೇಸಿಗೆ, ಹಳೇ ಕಾರುಗಳ ಪ್ರದರ್ಶನದಲ್ಲಿ ಡೆಲ್ಮರ್ ತೀರ್ಪುಗಾರನಾಗಿ ಕೂತ. ವೆಂಡೆಲನ ಕಾರಿನ ಕೆಳಗೆ ಟಾರ್ಚ್ ಬಿಟ್ಟುಕೊಂಡು, ಇದು ತಪ್ಪು, ಅದು ತಪ್ಪು ಅಂತ ಜನರ ಮುಂದೆ ಕೂಗಿ ಕೂಗಿ ಅಂಕ ಕಳೆದ. ವೆಂಡೆಲ್ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡ. ಮುಂದಿನ ವರ್ಷ ಹಳೇ ಸಾಮಾನಿನ ಸಂತೆಯಲ್ಲಿ ಆ ಕಾರ್ಬ್ಯುರೇಟರ್ ಕಣ್ಣಿಗೆ ಬಿದ್ದಿದ್ದೇ ತಡ, ಡೆಲ್ಮರನಿಗಿಂತ ಮುಂಚೆ ಹೋಗಿ ಎತ್ತಿಕೊಂಡ. ಅವನ ಕಾರಿಗೆ ಅದು ಕೂರೋದೂ ಇಲ್ಲ. ಡೆಲ್ಮರನಿಗೆ ಸಿಗಬಾರದು, ಅಷ್ಟೇ.

ಡಾಕ್ಟರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದ ಮೇಲೆ ನೊರೀನ್ ಮಾನ ಮರ್ಯಾದೆ ಬದಿಗಿಟ್ಟು ಹೊರಟಳು. ಕೈಯಲ್ಲಿ ಚೆರ್ರಿ ಹಣ್ಣು ತುಂಬಿ ಬೇಯಿಸಿದ ಪೈ. ವೆಂಡೆಲ್ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಒಂದು ತುಂಡು ತಿಂದು ಮುಗಿಸಿದ, ತಟ್ಟೆಯನ್ನು ಬೆರಳಿಂದ ಸವರಿ ನೆಕ್ಕಿದ. ಆಮೇಲೆ, ಅವತ್ತು ಡೆಲ್ಮರ್ ಕೊಟ್ಟ ತೀರ್ಪು ಹೊಟ್ಟೆಕಿಚ್ಚಿನದು ಅಂತ ನಿನ್ನ ಬಾಯಲ್ಲಿ ಬರಲಿ ಎಂದ. ಹಾಸಿಗೆ ಹಿಡಿದ ಗಂಡನ ಬಗ್ಗೆ ಅವಳು ಅದನ್ನೂ ಅಂದಳು. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ, ಎಂದ. ಗಟ್ಟಿಯಾಗಿಯೂ ಅಂದಳು. ಆಗ ಒಳಗೆ ಹೋಗಿ ಹಳೇ ಬಟ್ಟೆಯಲ್ಲಿ ಸುತ್ತಿದ ಕಾರ್ಬ್ಯುರೇಟರ್ ತಂದು ಅವಳ ಕೈಗಿಟ್ಟ. ದಾರಿಯುದ್ದಕ್ಕೂ ನೊರೀನ್, ಪಾಪ, ಏನೇ ಆದರೂ ಒಳ್ಳೇ ಮನಸ್ಸು ಎಂದುಕೊಂಡೇ ಬಂದಳು.

ಡೆಲ್ಮರನ ಹಾಸಿಗೆಯನ್ನು ನಡುಮನೆಯಲ್ಲೇ ಹಾಕಿದ್ದರು, ಗರಾಜಿನ ಬಾಗಿಲಿಗೆ ಎದುರಾಗಿ. ಅವನ ಕಣ್ಣು ಆಗಲೇ ಮಂಜಾಗಿತ್ತು. ಇಲ್ಲಿ ಕೊಡು ಎಂದು ಎರಡೂ ಕೈ ಚಾಚಿ ಅದನ್ನು ಎದೆಯ ಮೇಲಿಟ್ಟುಕೊಂಡ. ಆ ಮುಖ ನೋಡಿ ನೊರೀನಳಿಗೆ ವೆಂಡೆಲ್ ಮನೆ ಬಾಗಿಲಲ್ಲಿ ಪಟ್ಟಿದ್ದೆಲ್ಲ ಮರೆತೇಹೋಯಿತು. ಡೆಲ್ಮರನ ಹೆಬ್ಬೆರಳು ಅಂಕಿಗಳ ಮೇಲೆ ಮೆಲ್ಲಗೆ ಹರಿದಾಡಿತು. ಒಂದು ಕಡೆ ನಿಂತಿತು. ಮತ್ತೆ ಹಿಂದೆ ಹೋಯಿತು.

"ಇಲ್ಲಿ ಅರ ಹಾಕಿ ಉಜ್ಜಿದಾರೆ," ಎಂದ. "ಹಳೇ ಅಂಕಿ ಕೆರೆದು ಹೊಸದು ಒತ್ತಿದಾರೆ. ತಗ್ಗು ಬಿದ್ದಿದೆ ನೋಡು."

ಅವಳು ಬೆರಳಿಟ್ಟು ನೋಡಿದಳು. ತಗ್ಗು ಇತ್ತು. ಇರಲಿ ಬಿಡು, ಇದನ್ನೇ ಹಾಕಿಸ್ತೀನಿ, ಒಂದೇ ಒಂದು ಸಲ ಸದ್ದು ಕೇಳು ಎಂದು ಅಂಗಲಾಚಿದಳು.

"ಇಷ್ಟು ವರ್ಷ ನನ್ನ ಜೊತೆ ಬಾಳಿ ನಿಂಗೆ ಇಷ್ಟೂ ಗೊತ್ತಾಗ್ಲಿಲ್ವಲ್ಲೇ," ಎಂದ ಡೆಲ್ಮರ್. "ಸುಳ್ಳಿನ ಸದ್ದು ಕೇಳ್ಕೊಂಡು ಸಾಯ್ಲಾ ನಾನು?"

ಗೋಡೆ ಕಡೆ ತಿರುಗಿಕೊಂಡ. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟ. ಆ ಮಾತಿನ ಮೇಲೆ ಹೆಂಡತಿಯ ಜೊತೆ ಇನ್ನೊಂದು ಮಾತು ಆಡಲಿಲ್ಲ ಪುಣ್ಯಾತ್ಮ.

ಮಣ್ಣಿಗೆ ವೆಂಡೆಲ್ ಕೂಡ ಬಂದಿದ್ದ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು. ಎಲ್ಲರಂತೆ ಅವಳ ಕೈ ಹಿಡಿದು, ಕಿವಿ ಹತ್ತಿರ ಬಾಗಿ ಕೇಳಿದ: "ಕಂಡುಹಿಡಿದ್ನಾ?"

"ಹೂಂ," ಎಂದಳು ನೊರೀನ್.

"ಹಿಡೀತಾನೆ ಅಂತ ಗೊತ್ತಿತ್ತು ನಂಗೆ," ಎಂದು ತೃಪ್ತಿಯಿಂದ ತಲೆಯಾಡಿಸಿ, ತಿಂಡಿ ಇಟ್ಟಿದ್ದ ಮೇಜಿನ ಕಡೆ ಹೋದ.

ನೊರೀನ್ ಅವತ್ತು ಅಳಲಿಲ್ಲ. ಮರುದಿನ ಪೆಟ್ರೋಲ್ ಬಂಕಿನ ಮೆಕ್ಯಾನಿಕ್‌ನನ್ನು ಕರೆಸಿ, ಅಂಗಡಿಯಲ್ಲಿ ಸಿಗುವ ಹೊಚ್ಚಹೊಸ ಕಾರ್ಬ್ಯುರೇಟರ್ ಹಾಕಿಸಿದಳು. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಕೀಲಿ ತಿರುಗಿಸಿದ್ದೇ ಕಾರು ಗುಡುಗಿತು, ಕಿಟಕಿ ಗಾಜುಗಳೆಲ್ಲ ನಡುಗಿದವು. ಇಷ್ಟೇನಾ? ಇಷ್ಟಕ್ಕೆ ಈ ಮನುಷ್ಯ ಗೋಡೆ ನೋಡುತ್ತಾ ಸತ್ತನಾ? ಸ್ಟೀರಿಂಗ್ ಮೇಲೆ ತಲೆಯಿಟ್ಟು ಆಗ ಅತ್ತಳು, ಗಂಡನನ್ನು ಬಾಯಿಗೆ ಬಂದಂತೆ ಬೈದಳು.

ಮೊದಲ ಹಿಮ ಬಿತ್ತು. ಹಿಮ ಕರಗಲೆಂದು ಊರಿನ ಲಾರಿ ರಸ್ತೆಗೆಲ್ಲ ಉಪ್ಪು ಚೆಲ್ಲಿಕೊಂಡು ಹೋಯಿತು. ಅಂಥ ಹೊತ್ತಲ್ಲಿ ಇಂಥ ಕಾರನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಉಪ್ಪುನೀರು ತಗಡನ್ನು ತಿಂದುಹಾಕುತ್ತದೆ. ನೊರೀನ್ ತೆಗೆದಳು. ಹಾಲಿಗೆ, ಬ್ರೆಡ್ಡಿಗೆ, ಚರ್ಚಿಗೆ, ಎಲ್ಲಕ್ಕೂ ಅದೇ ಕಾರು. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಗಂಡಸರು ಕಿಟಕಿಯಿಂದ ನೋಡಿ ಕಪ್ಪು ಕೆಳಗಿಟ್ಟರು. ಒಬ್ಬ ಟೋಪಿ ತೆಗೆದ, ಹೆಣದ ಗಾಡಿಗೆ ತೆಗೆಯುವಂತೆ. ಎಲ್ಲಿಗೆ ಹೋದರೂ ಬರುವಾಗ ಅವಳು ವೆಂಡೆಲ್ ಮನೆ ಮುಂದೆ ನಿಲ್ಲಿಸುತ್ತಿದ್ದಳು. ಎಂಜಿನ್ ಆರಿಸಿ ಸುಮ್ಮನೆ ಕೂರುತ್ತಿದ್ದಳು. ಕಾರಿನ ಅಡಿಯಿಂದ ಉಪ್ಪಿನ ಕೆಸರು ತೊಟ್ಟಿಕ್ಕುತ್ತಿತ್ತು. ಒಳಗೆ ಪರದೆ ಅಲ್ಲಾಡುತ್ತಿತ್ತು.

ಡೆಲ್ಮರ್ ಬದುಕಿದ್ದರೆ ಇದಕ್ಕೆ ಅವಳನ್ನು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಓಡಿಸುತ್ತಿದ್ದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಬಾಗಿಲ ಕೆಳಗಿನ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದಿತು. ಅವತ್ತು ವೆಂಡೆಲ್ ತಡೆಯಲಾರದೆ ಮನೆ ಚಪ್ಪಲಿಯಲ್ಲೇ ಹಿಮಕ್ಕಿಳಿದು ಬಂದ. ಬಾಗಿ ಆ ಗುಳ್ಳೆ ಮುಟ್ಟಿ ನೋಡಿದ. ಕೈಯಲ್ಲಿ ಇನ್ನೊಂದು ಕಾರ್ಬ್ಯುರೇಟರ್.

"ತಗೋ ನೊರೀನ್, ಇದು ನಿಜವಾದ್ದು. ನಿನ್ನ ದಮ್ಮಯ್ಯ, ಇನ್ನಾದ್ರೂ ಕಾರನ್ನ ಒಳಗೆ ಹಾಕು. ಇಂಥದ್ದು ಇನ್ನೊಂದು ಹುಟ್ಟಲ್ಲ."

ಅವಳು ಇಳಿದು, ತೆಗೆದುಕೊಂಡು, ಹೆಬ್ಬೆರಳನ್ನು ಅಂಕಿಗಳ ಮೇಲೆ ಎಳೆದಳು. ತಗ್ಗಿಲ್ಲ. ಡೆಲ್ಮರ್ ಹೇಗೆ ಹಿಡಿದಿದ್ದನೋ ಹಾಗೇ ಎದೆಗೆ ಒತ್ತಿ ಹಿಡಿದು ಒಂದು ಗಳಿಗೆ ನಿಂತಳು.

"ನಾನು ಪೈ ತಂದ ದಿನ ಇದು ಎಲ್ಲಿತ್ತು?"

ವೆಂಡೆಲ್ ನೆಲ ನೋಡಿದ. "ಅಡುಗೆಮನೆ ಕಿಟಕಿ ಮೇಲೆ."

"ಅಂದ್ರೆ ನೀನು ಪೈ ತಿಂತಿದ್ದಾಗ ಒಳಗೇ ಇತ್ತು."

ನೊರೀನ್ ಬಾಗಿ ಅದನ್ನು ಹಿಂದಿನ ಗಾಲಿಯ ಹಿಂದೆ, ಉಪ್ಪು ಬೆರೆತ ಕೆಸರಿನಲ್ಲಿ, ಅಂಕಿ ಮೇಲೆ ಕಾಣುವಂತೆ ಇಟ್ಟು, ಕಾರು ಹತ್ತಿದಳು. ವೆಂಡೆಲ್ ಅದನ್ನು ಎತ್ತಿಕೊಳ್ಳಲು ಮಂಡಿಯೂರುವಷ್ಟರಲ್ಲಿ ಕಾರು ಗುಡುಗಿತು. ಅವನು ಕೈ ಹಿಂದೆಳೆದುಕೊಂಡ. ಗಾಲಿ ಹಿಂದಕ್ಕೆ ಉರುಳಿ ಅದರ ಮೇಲೆ ಹತ್ತಿ ಇಳಿಯಿತು. ಆ ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ.

ಅವಳು ಕಿಟಕಿ ಗಾಜು ಇಳಿಸಿದಳು.

"ನಾಳೆನೂ ಬರ್ತೀನಿ ವೆಂಡೆಲ್," ಎಂದಳು. "ರಾತ್ರಿ ಮತ್ತೆ ಉಪ್ಪು ಹಾಕ್ತಾರಂತೆ."