ದುರ್ಗಪ್ಪನ ದೋಣಿಯ ಎಂಜಿನ್

ನಾನು ದೋಣಿಯ ಹಿಂಬದಿಯನ್ನು ಕಚ್ಚಿ ಕೂರುವ ಎಂಜಿನ್. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ ನನ್ನನ್ನು ಓಡಿಸಿ ನೋಡಿದರು. ಒಂದೇ ಎಳೆತಕ್ಕೆ ಶುರುವಾದೆ. ಆ ಹೆಮ್ಮೆ ನನಗೆ ಇನ್ನೂ ಇದೆ.

ನನಗೆ ಎರಡು ಕಾರ್ಬುರೇಟರ್. ಎಣ್ಣೆಯನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಒಳಗೆ ಕಳಿಸುವುದು ಅವುಗಳ ಕೆಲಸ. ಎರಡೂ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಿದರೆ ನನ್ನಷ್ಟು ಸುಖಿ ಬೇರೆ ಯಾರೂ ಇಲ್ಲ.

ಭಟ್ಕಳದ ಹತ್ತಿರ, ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಪಕ್ಕದ ಕೇರಿಯಲ್ಲಿ ನನ್ನನ್ನು ಕೊಂಡವನು ದುರ್ಗಪ್ಪ ಮೊಗೇರ. ಭುಜ ಅಗಲ, ಮಾತು ಜೋರು, ಕೈ ಇನ್ನೂ ಜೋರು. ಎಂಜಿನ್ ಎಂದರೆ ಊರಿಗೆಲ್ಲ ಕೇಳಿಸಬೇಕು ಎನ್ನುವುದು ಅವನ ಮತ. ನನ್ನನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಇನಾಸ ಫರ್ನಾಂಡಿಸ್ ಅಷ್ಟೇ ಹಟಮಾರಿ.

"ಸದ್ದು ಏರಿಸಿ ಕೊಡು," ಎಂದ ದುರ್ಗಪ್ಪ ಒಂದು ದಿನ.

"ಸದ್ದು ಬೇಕಾದ್ರೆ ಡೋಲು ತಗೋ. ಇದು ಎಂಜಿನ್," ಎಂದ ಇನಾಸ.

ಅಲ್ಲಿಗೆ ಇಬ್ಬರ ಮಾತು ನಿಂತಿತು. ಇನಾಸ ಕರೆಯಲಿಲ್ಲ, ದುರ್ಗಪ್ಪ ಹೋಗಲಿಲ್ಲ. ನನ್ನ ಸ್ಕ್ರೂಗಳು ದುರ್ಗಪ್ಪನ ಕೈಗೆ ಬಿದ್ದವು.

ಸೀಮೆಎಣ್ಣೆಯ ಅಂಟು ಕಾರ್ಬುರೇಟರಿನ ಸಣ್ಣ ತೂತುಗಳಲ್ಲಿ ಕಟ್ಟುತ್ತಾ ಬಂತು. ನಿಧಾನಕ್ಕೆ ಓಡಿಸಿದರೆ ನಾನು ಆರಿಹೋಗುತ್ತಿದ್ದೆ. ಅಂಟು ತೆಗೆಯುವ ಬದಲು ದುರ್ಗಪ್ಪ ವೇಗದ ಸ್ಕ್ರೂ ಬಿಗಿದು ನನ್ನ ವೇಗವನ್ನೇ ಏರಿಸಿಟ್ಟ. ನಿಂತಲ್ಲಿ ಗರ್ಜಿಸುತ್ತಿದ್ದೆ, ಹಿಡಿ ತಿರುಗಿಸಿ ಜೋರು ಮಾಡಿದರೆ ಬಿಕ್ಕಳಿಸುತ್ತಿದ್ದೆ. ಕೇರಿಯವರು ಗರ್ಜನೆ ಕೇಳಿ ತಲೆದೂಗಿದರು. ಬಿಕ್ಕಳಿಕೆ ಕೇಳಿದ್ದು ಅವನ ಹೆಂಡತಿ ಮಾದೇವಿ ಒಬ್ಬಳೇ.

ಮಾದೇವಿ ದಡದಲ್ಲಿ ಮೀನು ಆರಿಸುವವಳು. ದೋಣಿ ಅಳಿವೆ ದಾಟುವಾಗ ಅವಳ ಕೈ ನಿಲ್ಲುತ್ತಿತ್ತು. ಅಲ್ಲಿ ಹೊಳೆಯ ಸೆಳೆತಕ್ಕೂ ಸಮುದ್ರದ ತೆರೆಗೂ ಜಗಳ. ಎಂಜಿನ್ ಆರಿದರೆ ದೋಣಿ ತೆರೆಗೆ ಅಡ್ಡ ತಿರುಗುತ್ತದೆ; ಅಡ್ಡ ತಿರುಗಿದ ದೋಣಿ ಮಗುಚುತ್ತದೆ. ಒಮ್ಮೆ ಅಲ್ಲೇ ನಾನು ಆರಿದೆ. ದೋಣಿಯ ಜೊತೆಗಾರ ಮಂಜ ಹುಟ್ಟು ಹಾಕಿ ಹೇಗೋ ಮೂತಿ ನೇರ ಮಾಡಿದ. ಮನೆಗೆ ಬಂದ ದುರ್ಗಪ್ಪ, "ಎಣ್ಣೆ ಸರಿ ಇಲ್ಲ," ಎಂದು ಉಣ್ಣಲು ಕೂತ.

ಮಳೆಗಾಲದ ಮೊದಲು ದುರ್ಗಪ್ಪ ಅಂಕೋಲೆಗೆ ಮದುವೆಗೆ ಹೋದ. ಅವತ್ತೇ ಮಾದೇವಿಯೂ ಮಂಜನೂ ನನ್ನನ್ನು ಕೋಲಿಗೆ ಕಟ್ಟಿ ಹೊತ್ತು ಇನಾಸನ ಶೆಡ್ಡಿಗೆ ತಂದಿಳಿಸಿದರು.

"ಇನಾಸಣ್ಣ, ಇದರ ಉಸ್ರು ಕಟ್ತಾ ಅದೆ," ಎಂದಳು.

"ಅವನು ಕಳಿಸಿದ್ನಾ?"

"ಇಲ್ಲ. ನಿಮ್ಮಿಬ್ಬರ ಸಿಟ್ಟು ನೀವಿಬ್ಬರೇ ಇಟ್ಕಣಿ. ಅಳಿವೆ ದಾಟೂದು ನನ್ನ ಗಂಡ."

ಇನಾಸ ನಟ್ಟು ತಿರುಗಿಸುವ ಪಾನಾ ಎತ್ತಿಕೊಂಡ. ಎರಡೂ ಕಾರ್ಬುರೇಟರ್ ಬಿಚ್ಚಿ ಅಂಟು ತೊಳೆದ. ತಂತಿ ತೂರಿಸಿದರೆ ತೂತು ಹಿಗ್ಗುತ್ತದೆಂದು ಪಂಪಿನಿಂದ ಗಾಳಿ ಊದಿದ. ದುರ್ಗಪ್ಪ ಬಿಗಿದಿದ್ದ ವೇಗದ ಸ್ಕ್ರೂ ಸಡಿಲಿಸಿದ. ಎಣ್ಣೆಯ ಹದ ಹಿಡಿಯುವ ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟುವವರೆಗೆ ತಿರುಗಿಸಿ, ಒಂದೂವರೆ ಸುತ್ತು ಹಿಂದೆ ತಂದ. ಎರಡರ ಬಾಗಿಲೂ ಒಟ್ಟಿಗೆ ತೆರೆಯುತ್ತವೆಯೇ ಎಂದು ಕಣ್ಣಿಟ್ಟು ನೋಡಿದ. ಡ್ರಮ್ಮಿನ ನೀರಿನಲ್ಲಿ ನನ್ನನ್ನು ಓಡಿಸಿ ಬಿಸಿಮಾಡಿ, ಗೇರಿಗೆ ಹಾಕಿ, ಕಿವಿಗೊಟ್ಟು ಕೂದಲೆಳೆಯಷ್ಟು ತಿರುಗಿಸಿದ. ನನ್ನ ದನಿ ಇಳಿಯಿತು, ಸಮವಾಯಿತು. ಆಮೇಲೆ ಆ ಹದದ ಸ್ಕ್ರೂವನ್ನು ಇನ್ನೊಂದು ಚೂರು ಸಡಿಲ ಬಿಟ್ಟ. ನನ್ನ ದನಿ ಸ್ವಲ್ಪ ಒರಟಾಯಿತು.

"ಮೊದ್ಲೇ ಚೆಂದ ಇತ್ತಲ್ಲ," ಎಂದ ಮಂಜ.

"ನಿಂತಲ್ಲಿ ಚೆಂದ ಕೇಳೂದು ಬೇಡ. ಎಣ್ಣೆ ಒಂಚೂರು ಹೆಚ್ಚೇ ಸಿಗ್ಲಿ. ಫಕ್ಕನೆ ಎಳೆಯುವಾಗ ಉಸ್ರು ಕಟ್ಟಬಾರ್ದು."

ದುರ್ಗಪ್ಪ ಮರಳಿ ಬಂದು ನನ್ನ ಹಗ್ಗ ಎಳೆದ. ನಾನು ತಗ್ಗಿದ ದನಿಯಲ್ಲಿ ಎದ್ದೆ. "ಹೊಸ ಎಣ್ಣೆ ಒಗ್ಗಿದೆ," ಎಂದ. ಮಂಜ ಬೇರೆ ಕಡೆ ನೋಡಿದ.

ಆ ಮಳೆಗಾಲದ ಒಂದು ಮಧ್ಯಾಹ್ನ ಮೀನು ತುಂಬಿ ಬರುತ್ತಿದ್ದೆವು. ಅಳಿವೆಯ ಬಲಗಡೆ, ಕಲ್ಲುಬಂಡೆಗಳ ಹತ್ತಿರ, ಒಂದು ದೋಣಿ ಮಗುಚಿ ತೇಲುತ್ತಿತ್ತು. ಬೆನ್ನಿನ ಮೇಲೆ ಮೂವರು ಅಂಟಿಕೊಂಡಿದ್ದರು. ಸುತ್ತ ಬಲೆ ಹರಡಿತ್ತು.

"ಜೋರು ಹೋದ್ರೆ ಬಲೆ ಎಂಜಿನ್ನಿಗೆ ಸುತ್ಕಣ್ತದೆ," ಎಂದ ಮಂಜ.

"ಗೊತ್ತು," ಎಂದ ದುರ್ಗಪ್ಪ. ಹಿಡಿಯನ್ನು ಪೂರ್ತಿ ಇಳಿಸಿದ.

ಅಷ್ಟು ಮೆಲ್ಲಗೆ ಅವನು ನನ್ನನ್ನು ಎಂದೂ ಓಡಿಸಿರಲಿಲ್ಲ. ನಾನು ಆರಿದರೆ ಮತ್ತೆ ಎಳೆಯಲೆಂದು ಅವನ ಇನ್ನೊಂದು ಕೈ ನನ್ನ ಹಗ್ಗದ ಮೇಲಿತ್ತು. ನಾನು ಆರಲಿಲ್ಲ. ಬಲೆಯ ಅಂಚಿನಲ್ಲಿ ಇಂಚಿಂಚು ಸರಿದೆ. ಮಂಜ ಒಬ್ಬನನ್ನು ಎಳೆದ, ಇನ್ನೊಬ್ಬನನ್ನು ಎಳೆದ. ಮೂರನೆಯವನ ಕಾಲು ಬಲೆಯ ಹಗ್ಗಕ್ಕೆ ಸಿಕ್ಕಿತ್ತು. ಮಂಜ ಬಾಗಿ ಹಗ್ಗ ಕೊಯ್ಯುವಾಗಲೇ ಹಿಂದೆ ದೊಡ್ಡ ತೆರೆ ಎದ್ದಿತು.

"ಸಿಕ್ಕಿದ. ಹೊರಡು," ಎಂದ ಮಂಜ.

ದುರ್ಗಪ್ಪ ಹಿಡಿಯನ್ನು ಒಮ್ಮೆಲೇ ಕೊನೆಯವರೆಗೆ ತಿರುಗಿಸಿದ. ನನ್ನ ಎರಡೂ ಬಾಗಿಲು ಒಟ್ಟಿಗೆ ತೆರೆದವು. ಬಿಕ್ಕಳಿಕೆ ಬರಲಿಲ್ಲ. ಮೀನಿನ ಭಾರ, ಐದು ಜನರ ಭಾರ ಎಲ್ಲವನ್ನೂ ಎಳೆದುಕೊಂಡು ಹೊರಬಿದ್ದೆ. ತೆರೆ ನಮ್ಮ ಹಿಂದೆ, ಬಂಡೆಯ ಮೇಲೆ ಒಡೆಯಿತು.

ದಡದಲ್ಲಿ ಜನ ಸೇರಿದ್ದರು. ದುರ್ಗಪ್ಪನ ಮಾತು ಶುರುವಾಯಿತು. "ನನ್ನ ಕೈಯ ಟ್ಯೂನಿಂಗು. ಬೇರೆ ಎಂಜಿನ್ ಆಗಿದ್ರೆ ಅಲ್ಲೇ ಮುಗಿದಿತ್ತು."

"ಇನಾಸಣ್ಣನ ಕೈ ಅದು," ಎಂದಳು ಮಾದೇವಿ. "ನೀವು ಮದುವೆಗೆ ಹೋದಾಗ ನಾನೂ ಮಂಜನೂ ಹೊತ್ಕಂಡು ಹೋಗಿದ್ದೆವು."

ದುರ್ಗಪ್ಪ ಅವಳನ್ನು ನೋಡಿದ. ಬದುಕಿದ ಮೂವರನ್ನು ನೋಡಿದ. ಆಮೇಲೆ ಬುಟ್ಟಿಯಿಂದ ದೊಡ್ಡ ಎರಡು ಅಂಜಲ್ ಮೀನು ಎತ್ತಿಕೊಂಡು ಒದ್ದೆ ಬಟ್ಟೆಯಲ್ಲೇ ಇನಾಸನ ಶೆಡ್ಡಿನ ಕಡೆ ನಡೆದ. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಮರುದಿನದಿಂದ ನನ್ನ ಸ್ಕ್ರೂ ಮುಟ್ಟುವ ಮೊದಲು ಅವನು ಇನಾಸನನ್ನು ಕರೆಯುತ್ತಿದ್ದ. ಬಂದ ಮೇಲೆ ಜಗಳವಾಡುತ್ತಿದ್ದ.

ಮುಂದೆ ಅವನ ಸೊಂಟ ಸೋತಿತು. ನನ್ನನ್ನು ಹೊಳೆಯಲ್ಲಿ ಚಿಪ್ಪು ತೆಗೆಯುವ ಹೆಂಗಸರ ಗುಂಪಿಗೆ ಕೊಟ್ಟ. ಅವರು ಹಾಡು ಹೇಳುತ್ತಾ ನನ್ನನ್ನು ಓಡಿಸಿದರು, ಪ್ರತಿ ಸಂಜೆ ಸಿಹಿನೀರಿನಲ್ಲಿ ತೊಳೆದರು. ಅವು ನನ್ನ ನೆಮ್ಮದಿಯ ವರ್ಷಗಳು. ಕೊನೆಗೆ ಉಪ್ಪು ನನ್ನ ಮೈ ತಿಂದಿತು. ಈಗ ಇನಾಸನ ಶೆಡ್ಡಿನ ಮೂಲೆಯಲ್ಲಿದ್ದೇನೆ. ಬೇಕಾದ ಬಿಡಿಭಾಗಗಳನ್ನು ಒಬ್ಬೊಬ್ಬರು ಬಿಚ್ಚಿ ಒಯ್ದಿದ್ದಾರೆ. ಬೇಸರವಿಲ್ಲ. ಕೆಲಸಕ್ಕೆ ಬಾರದ್ದನ್ನು ಯಾರೂ ಒಯ್ಯುವುದಿಲ್ಲ.

ದುರ್ಗಪ್ಪ ದಿನವೂ ಬರುತ್ತಾನೆ. ಇಬ್ಬರು ಮುದುಕರೂ ಬೆಂಚಿನ ಮೇಲೆ ಕೂತು ಅಳಿವೆ ದಾಟುವ ಎಂಜಿನ್‌ಗಳ ದನಿ ಕೇಳುತ್ತಾರೆ. ಇವತ್ತು ಬೆಳಿಗ್ಗೆ ಒಂದು ಎಂಜಿನ್ ತೊದಲುತ್ತಾ ಹೋಯಿತು.

"ಗಾಳಿ ಹೆಚ್ಚಾಗಿದೆ," ಎಂದ ದುರ್ಗಪ್ಪ.

"ಎಣ್ಣೆ ಹೆಚ್ಚಾಗಿದೆ," ಎಂದ ಇನಾಸ.

ಟೀ ಆರುವವರೆಗೂ ವಾದಿಸಿದರು. ಇವತ್ತು ದುರ್ಗಪ್ಪ ಹೇಳಿದ್ದೇ ಸರಿ. ಇನಾಸ ಒಪ್ಪಲಿಲ್ಲ.